ಒಕ್ಕೂಟಕ್ಕೆ ಸೇರಿದರೆ ಹೆಣ್ಣುಮಕ್ಕಳಿಗೆ ನ್ಯಾಯ ಜಾಸ್ತಿ ಸಿಗುತ್ತಾ? ಐರೋಪ್ಯ ಒಕ್ಕೂಟ ಮತ್ತು ನಮ್ಮದು

ಮಾರತ್ತಹಳ್ಳಿ ಟೆಕ್ಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿಗೆ ಡಬ್ಲಿನ್‌ನಲ್ಲೂ ಲಂಡನ್‌ನಲ್ಲೂ ಕಚೇರಿ ಇದೆ. ಟೀಮ್ ಒಂದೇ, ಕೆಲಸವೂ ಒಂದೇ. ಮೊನ್ನೆ ಮೀಟಿಂಗ್ ಮುಗಿದ ಮೇಲೆ ಡಬ್ಲಿನ್‌ನ ಸಹೋದ್ಯೋಗಿ ಒಬ್ಬರು ಐರೋಪ್ಯ ಒಕ್ಕೂಟದ ಹೊಸ ನಿಯಮದ ಬಗ್ಗೆ ಹೇಳಿದರು. ಕೆಲಸಕ್ಕೆ ಕರೆಯುವಾಗ ಹಿಂದಿನ ಸಂಬಳ ಎಷ್ಟಿತ್ತು ಅಂತ ಕೇಳುವ ಹಾಗಿಲ್ಲವಂತೆ. ಈ ಹುದ್ದೆಗೆ ಇಷ್ಟರಿಂದ ಇಷ್ಟರವರೆಗೆ ಸಂಬಳ ಅಂತ ಮೊದಲೇ ಹೇಳಬೇಕಂತೆ. ಲಂಡನ್‌ನವರು ಮಾತ್ರ "ನಮಗೆ ಇದು ಬರಲ್ಲ, ನಾವು ಒಕ್ಕೂಟದಿಂದ ಹೊರಗೆ ಬಂದಿದ್ದೇವೆ" ಅಂದರು.

ನನಗೆ ಇದು ಬರೀ ಸುದ್ದಿ ಅಲ್ಲ. ಮಗು ಆದ ಮೇಲೆ ಕೆಲವು ವರ್ಷ ಮನೆಯಲ್ಲಿದ್ದೆ. ವಾಪಸ್ ಬಂದಾಗ ಕಡಿಮೆ ಸಂಬಳಕ್ಕೆ ಒಪ್ಪಿಕೊಳ್ಳಬೇಕಾಯಿತು. ಅವತ್ತಿನಿಂದ ಎಲ್ಲಿ ಹೋದರೂ ಎಚ್‌ಆರ್ ಕೇಳುವ ಮೊದಲ ಪ್ರಶ್ನೆ, "ಈಗಿನ ಸಿಟಿಸಿ (ವರ್ಷದ ಒಟ್ಟು ಸಂಬಳ) ಎಷ್ಟು?" ಅದರ ಮೇಲೆ ಇಷ್ಟು ಪರ್ಸೆಂಟ್ ಹೈಕ್ ಅಂತ ಲೆಕ್ಕ. ನನ್ನ ಜೊತೆಗೇ ಕೆಲಸ ಶುರು ಮಾಡಿದ ಹುಡುಗರಿಗೂ ನನಗೂ ಇರುವ ಅಂತರ ಇವತ್ತಿಗೂ ಹಾಗೇ ಇದೆ.

ಅದಕ್ಕೆ ಕೇಳುತ್ತಿದ್ದೇನೆ. ಒಂದು ದೇಶ ದೊಡ್ಡ ಒಕ್ಕೂಟದೊಳಗೆ ಇದ್ದರೆ ಹೆಣ್ಣುಮಕ್ಕಳಿಗೆ ನಿಜವಾಗಿ ಏನಾದರೂ ದಕ್ಕುತ್ತಾ? ಒಕ್ಕೂಟ ಇಲ್ಲದಿದ್ದರೂ ಅಷ್ಟು ಬರುತ್ತಿತ್ತಾ? ಕರ್ನಾಟಕವೂ ಒಂದು ಒಕ್ಕೂಟದ ಭಾಗವೇ ಅಲ್ವಾ? ತಿಳಿದವರು ಹೇಳಿ.

ವಕೀಲೆ, ವಿಜಯನಗರ

ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಯುರೋಪಿನಲ್ಲಿ ಇದು ಶುರುವಾಗಿದ್ದೇ ಹೆಣ್ಣುಮಕ್ಕಳ ಮೇಲಿನ ಕಾಳಜಿಯಿಂದ ಅಲ್ಲ.

1957ರಲ್ಲಿ, ಇವತ್ತಿನ ಐರೋಪ್ಯ ಒಕ್ಕೂಟಕ್ಕೆ ಬುನಾದಿ ಹಾಕಿದ ಆರು ದೇಶಗಳು ರೋಮ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಅದರ 119ನೇ ವಿಧಿ ಒಂದೇ ಕೆಲಸಕ್ಕೆ ಗಂಡಸರಿಗೂ ಹೆಂಗಸರಿಗೂ ಒಂದೇ ಸಂಬಳ ಅಂತ ಹೇಳಿತು. ಪಟ್ಟು ಹಿಡಿದು ಸೇರಿಸಿದ್ದು ಫ್ರಾನ್ಸ್. ಕಾರಣ ವ್ಯಾಪಾರ. ಅಲ್ಲಿ ಸಮಾನ ವೇತನದ ಕಾನೂನು ಆಗಲೇ ಇತ್ತು. ಪಕ್ಕದ ದೇಶದವರು ಹೆಂಗಸರಿಗೆ ಕಡಿಮೆ ಕೂಲಿ ಕೊಟ್ಟು ಅಗ್ಗದ ಬಟ್ಟೆ ತಂದು ಸುರಿದರೆ ತನ್ನ ಮಿಲ್‌ಗಳ ಗತಿ ಏನು ಅನ್ನುವ ಚಿಂತೆ ಅದಕ್ಕೆ.

ವಿಧಿ ಬಂತು, ಆಮೇಲೆ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು. ಯಾವ ಸರ್ಕಾರವೂ ತಲೆ ಕೆಡಿಸಿಕೊಳ್ಳಲಿಲ್ಲ. 1966ರಲ್ಲಿ ಬೆಲ್ಜಿಯಂನ ಹೆರ್‌ಸ್ಟಾಲ್ ಬಂದೂಕು ಕಾರ್ಖಾನೆಯ ಹೆಂಗಸರು, ಸುಮಾರು 3,000 ಜನ, 12 ವಾರ ಮುಷ್ಕರ ಮಾಡಿದರು. 119ನೇ ವಿಧಿಯನ್ನೇ ಮುಂದಿಟ್ಟು ಬೀದಿಗೆ ಇಳಿದರು. ಅದೇ ದೇಶದ ವಕೀಲೆ ಎಲಿಯಾನ್ ವೋಗೆಲ್-ಪೋಲ್ಸ್ಕಿ ಆ ವಿಧಿಯನ್ನು ಕೋರ್ಟಿಗೆ ಒಯ್ಯಲು ಒಬ್ಬ ಕಕ್ಷಿದಾರೆಯನ್ನು ಹುಡುಕುತ್ತಿದ್ದರು. ಸಿಕ್ಕಿದ್ದು ಗಾಬ್ರಿಯೆಲ್ ಡೆಫ್ರೆನ್, ಸಬೆನಾ ವಿಮಾನ ಕಂಪನಿಯ ಗಗನಸಖಿ. 40 ವರ್ಷ ತುಂಬಿತು ಅಂತ 1968ರಲ್ಲಿ ಆಕೆಯನ್ನು ಕೆಲಸದಿಂದ ತೆಗೆದಿದ್ದರು. ಅದೇ ಕೆಲಸ ಮಾಡುವ ಗಂಡಸರಿಗೆ ಆ ನಿಯಮ ಇರಲಿಲ್ಲ. ಸಂಬಳವೂ ಅವರಿಗೇ ಜಾಸ್ತಿ.

1976ರ ಏಪ್ರಿಲ್ 8ರಂದು ಒಕ್ಕೂಟದ ಕೋರ್ಟ್ ತೀರ್ಪು ಕೊಟ್ಟಿತು. 119ನೇ ವಿಧಿ ಸರ್ಕಾರಗಳ ನಡುವಿನ ಮಾತು ಮಾತ್ರ ಅಲ್ಲ, ಒಬ್ಬ ಹೆಣ್ಣುಮಗಳು ಅದನ್ನು ಹಿಡಿದು ತನ್ನ ದೇಶದ ಕೋರ್ಟಿನಲ್ಲೇ ಹಕ್ಕು ಕೇಳಬಹುದು ಅಂತ. ಇವತ್ತು ಯುರೋಪಿನಲ್ಲಿ ಸಮಾನ ವೇತನದ ವಿಚಾರದಲ್ಲಿ ಏನೇನಿದೆಯೋ ಅದಕ್ಕೆಲ್ಲ ಈ ತೀರ್ಪೇ ಬೇರು. ಆದರೆ ಡೆಫ್ರೆನ್‌ಗೆ ಸಿಕ್ಕಿದ್ದು ಕೆಲವು ವರ್ಷಗಳ ಸಂಬಳದ ವ್ಯತ್ಯಾಸ ಅಷ್ಟೆ. ಪಿಂಚಣಿಯ ಕೇಸು ಸೋತರು. 40ಕ್ಕೆ ಮನೆಗೆ ಕಳಿಸಿದ್ದರ ಕೇಸೂ 1978ರಲ್ಲಿ ಸೋತರು. ಐರ್ಲೆಂಡ್ ಮತ್ತು ಬ್ರಿಟನ್ ಸರ್ಕಾರಗಳು ಖರ್ಚಿನ ಮಾತು ಎತ್ತಿದ್ದರಿಂದ, ಆಗಲೇ ದಾವೆ ಹಾಕಿದ್ದವರನ್ನು ಬಿಟ್ಟು ಬೇರೆ ಯಾರಿಗೂ ಹಳೇ ಬಾಕಿ ಸಿಗಲಿಲ್ಲ.

ನಮ್ಮಲ್ಲೂ ಇಂಥದ್ದೇ ಕೇಸು ನಡೆದಿದೆ. ಏರ್ ಇಂಡಿಯಾ ಗಗನಸಖಿಯರು 35ಕ್ಕೆ ನಿವೃತ್ತಿ ಆಗಬೇಕಿತ್ತು, ಇಲ್ಲವೇ ಮೊದಲ ಬಸಿರಿಗೇ ಕೆಲಸ ಬಿಡಬೇಕಿತ್ತು. 1981ರ ನರ್ಗೇಶ್ ಮಿರ್ಜಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಸಿರಿನ ಷರತ್ತನ್ನು ಕಿತ್ತುಹಾಕಿತು. ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆ ಆಗಬಾರದು ಅನ್ನುವುದನ್ನು ಹಾಗೇ ಉಳಿಸಿತು.

ಜಯನಗರ 4ನೇ ಬ್ಲಾಕ್

ಮೇಡಂ, ನೀವು ಹೇಳಿದ್ದರಲ್ಲೇ ನನ್ನ ಆಕ್ಷೇಪಣೆ ಇದೆ. ಮುಷ್ಕರ ಮಾಡಿದ್ದು ಹೆಂಗಸರು. ಕೇಸು ಹಾಕಿದ್ದು ಹೆಂಗಸರು. ಹಾಗಿರುವಾಗ ಒಕ್ಕೂಟಕ್ಕೆ ಯಾಕೆ ಹೆಸರು?

ಐಸ್‌ಲ್ಯಾಂಡ್ ನೋಡಿ. ಐರೋಪ್ಯ ಒಕ್ಕೂಟದಲ್ಲಿ ಇಲ್ಲ. 1975ರ ಅಕ್ಟೋಬರ್ 24ರಂದು ಅಲ್ಲಿನ ಹೆಂಗಸರು ಕಚೇರಿ ಕೆಲಸ, ಮನೆಗೆಲಸ ಎರಡನ್ನೂ ಬಿಟ್ಟು ಬೀದಿಗೆ ಬಂದರು. ಐದು ವರ್ಷಕ್ಕೆ ವಿಗ್ದಿಸ್ ಫಿನ್‌ಬೊಗಾಡೊಟ್ಟಿರ್ ಅಧ್ಯಕ್ಷೆಯಾದರು. ಕಂಪನಿಗಳು ಸಮಾನ ಸಂಬಳ ಕೊಡುತ್ತಿದ್ದೇವೆ ಅಂತ ಪ್ರಮಾಣಪತ್ರ ಪಡೆಯಬೇಕು ಅನ್ನುವ ಕಾನೂನು 2018ರಲ್ಲಿ ಜಾರಿಗೆ ಬಂತು. ನಾರ್ವೆಯೂ ಹೊರಗೇ ಇದೆ.

ಒಕ್ಕೂಟ ಕೆಳಕ್ಕೆ ಎಳೆದ ಉದಾಹರಣೆಯೂ ಇದೆ. ಜರ್ಮನಿಯ ಬ್ರೆಮೆನ್‌ನಲ್ಲಿ, ಅರ್ಹತೆ ಸಮ ಇದ್ದರೆ ಹೆಂಗಸರು ಕಡಿಮೆ ಇರುವ ಇಲಾಖೆಯಲ್ಲಿ ಹೆಂಗಸರಿಗೇ ಬಡ್ತಿ ಅಂತ ಕಾನೂನಿತ್ತು. ಉದ್ಯಾನ ಇಲಾಖೆಯ ಕಾಲಾಂಕೆ ಅನ್ನುವವರು ಕೇಸು ಹಾಕಿದರು. 1995ರಲ್ಲಿ ಒಕ್ಕೂಟದ ಕೋರ್ಟ್ ಅವರ ಕಡೆ ನಿಂತಿತು. ಓಸ್ಲೋ ವಿಶ್ವವಿದ್ಯಾಲಯ ಕೆಲವು ಪ್ರೊಫೆಸರ್ ಹುದ್ದೆ ಹೆಂಗಸರಿಗೇ ಅಂತ ಮೀಸಲಿಟ್ಟಿತ್ತು. 2003ರಲ್ಲಿ ಅದೂ ತಪ್ಪು ಅಂತ ತೀರ್ಪು ಬಂತು. ದೇಶ ತಾನಾಗಿ ಮುಂದೆ ಹೋಗುತ್ತಿದ್ದಾಗ ಮೇಲಿನವರು ತಡೆದರು. ಇದಕ್ಕೇನು ಹೇಳುತ್ತೀರಿ?

ವಕೀಲೆ, ವಿಜಯನಗರ

ಬ್ರೆಮೆನ್ ವಿಷಯ ಪೂರ್ತಿ ಒಪ್ಪುತ್ತೇನೆ. ಅದು ಕೆಟ್ಟ ತೀರ್ಪು. ಎರಡು ವರ್ಷದಲ್ಲೇ ಅದೇ ಕೋರ್ಟ್ ಇನ್ನೊಂದು ಜರ್ಮನ್ ಕೇಸಿನಲ್ಲಿ ಸ್ವಲ್ಪ ಸಡಿಲ ಮಾಡಿತು. ಗಂಡಸಿನ ಪರವಾಗಿ ವಿಶೇಷ ಕಾರಣ ಇದ್ದರೆ ಅದನ್ನೂ ನೋಡುತ್ತೇವೆ ಅಂತ ನಿಯಮದಲ್ಲಿ ಇದ್ದರೆ, ಹೆಂಗಸರಿಗೆ ಆದ್ಯತೆ ಕೊಡಬಹುದು ಅಂದಿತು. ಅದೇ 1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತಾ? ಆಂಧ್ರ ಸರ್ಕಾರ ಸರ್ಕಾರಿ ಕೆಲಸದಲ್ಲಿ ಹೆಂಗಸರಿಗೆ ಶೇ 30ರಷ್ಟು ಕೊಟ್ಟಿದ್ದನ್ನು ಎತ್ತಿಹಿಡಿಯಿತು. ನಮ್ಮ ಸಂವಿಧಾನದ 15(3)ನೇ ವಿಧಿ ಅದಕ್ಕೆ ಮೊದಲೇ ಜಾಗ ಮಾಡಿಟ್ಟಿತ್ತು. ಇದರಲ್ಲಿ ನಾವು ಅವರಿಗಿಂತ ಮುಂದೆ ಇದ್ದೆವು.

ಐಸ್‌ಲ್ಯಾಂಡ್, ನಾರ್ವೆ ಪೂರ್ತಿ ಹೊರಗಿಲ್ಲ ಸರ್. ಐರೋಪ್ಯ ಆರ್ಥಿಕ ವಲಯದ ಒಪ್ಪಂದದ ಮೂಲಕ 1994ರಿಂದ ಒಕ್ಕೂಟದ ಸಮಾನತೆಯ ಕಾನೂನು ಅವರಿಗೂ ಅನ್ವಯಿಸುತ್ತದೆ. ಓಸ್ಲೋ ತೀರ್ಪು ಬಂದಿದ್ದೇ ಆ ದಾರಿಯಲ್ಲಿ. ಪೂರ್ತಿ ಹೊರಗಿನವರು ಬೇಕಾದರೆ ಸ್ವಿಟ್ಜರ್ಲೆಂಡ್ ನೋಡಿ. ಅಲ್ಲಿ ಹೆಂಗಸರಿಗೆ ಇಡೀ ದೇಶದ ಚುನಾವಣೆಯಲ್ಲಿ ಮತ ಸಿಕ್ಕಿದ್ದು 1971ರಲ್ಲಿ. ಅಪೆನ್‌ಜೆಲ್ ಇನ್ನರ್‌ರೋಡನ್ ಅನ್ನುವ ಒಂದು ಪ್ರಾಂತ್ಯ 1990ರವರೆಗೂ ತನ್ನ ಸ್ಥಳೀಯ ಚುನಾವಣೆಗೆ ಹೆಂಗಸರನ್ನು ಬಿಡಲಿಲ್ಲ. ಕೊನೆಗೆ ಆ ದೇಶದ ಒಕ್ಕೂಟದ ಕೋರ್ಟೇ ಆದೇಶ ಕೊಡಬೇಕಾಯಿತು. ದೇಶವೇ ಸಣ್ಣ ಒಕ್ಕೂಟ ಆದಾಗಲೂ ಮೇಲಿನ ಕೈ ಬೇಕಾಯಿತು ನೋಡಿ.

ನಿವೃತ್ತ ಬ್ಯಾಂಕ್ ನೌಕರ, ಮಲ್ಲೇಶ್ವರ

ಐರ್ಲೆಂಡ್ ವಿಷಯ ಬಂದಿದ್ದರಿಂದ ಒಂದೆರಡು ಮಾತು. ಅಲ್ಲಿ ಸರ್ಕಾರಿ ಕೆಲಸದಲ್ಲಿರುವ ಹುಡುಗಿ ಮದುವೆಯಾದರೆ ಕೆಲಸ ಬಿಡಲೇಬೇಕಿತ್ತು. ಆ ನಿಯಮ ಹೋಗಿದ್ದು 1973ರಲ್ಲಿ, ಐರ್ಲೆಂಡ್ ಐರೋಪ್ಯ ಸಮುದಾಯ (ಒಕ್ಕೂಟದ ಆಗಿನ ರೂಪ) ಸೇರಿದ ವರ್ಷವೇ. ಆದರೆ ಸೇರಿದ್ದರಿಂದಲೇ ಹೋಯಿತು ಅನ್ನುವುದು ಸರಿಯಲ್ಲ. ಅಲ್ಲಿನ ಮಹಿಳಾ ಆಯೋಗ 1972ರಲ್ಲೇ ವರದಿ ಕೊಟ್ಟು ಕೇಳಿತ್ತು.

ಸಮಾನ ಸಂಬಳದ ಕತೆ ಬೇರೆ. 1976ರಲ್ಲಿ ಐರಿಷ್ ಸರ್ಕಾರ ದುಡ್ಡಿಲ್ಲ, ನಮಗೆ ಸ್ವಲ್ಪ ವಿನಾಯಿತಿ ಕೊಡಿ ಅಂತ, ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗ ಇರುವ ಬ್ರಸೆಲ್ಸ್‌ಗೆ ಅರ್ಜಿ ಹಾಕಿತು. ಬ್ರಸೆಲ್ಸ್ ಒಪ್ಪಲಿಲ್ಲ. ಅಲ್ಲಿ ಒಕ್ಕೂಟ ಇಲ್ಲದಿದ್ದರೆ ಆ ಹೆಂಗಸರು ಇನ್ನೆಷ್ಟು ವರ್ಷ ಕಾಯಬೇಕಿತ್ತೋ.

ನಮ್ಮ ಸಿ.ಬಿ. ಮುತ್ತಮ್ಮ ಅವರನ್ನೂ ಇಲ್ಲಿ ನೆನೆಯಬೇಕು. ಕೊಡಗಿನ ವಿರಾಜಪೇಟೆಯವರು, ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿ ಹೆಂಗಸರು ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಮದುವೆಯಾದ ಮೇಲೆ ರಾಜೀನಾಮೆ ಕೇಳುವ ಅಧಿಕಾರವೂ ಸರ್ಕಾರಕ್ಕೆ ಇತ್ತು. ಬಡ್ತಿ ಕೊಡಲಿಲ್ಲ ಅಂತ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ತಪ್ಪು ನಿಯಮ ಮಾಡಿದ್ದೂ ಒಕ್ಕೂಟದ ಸರ್ಕಾರವೇ, ಬೈದಿದ್ದೂ ಒಕ್ಕೂಟದ ಕೋರ್ಟೇ.

ಬೆಳಗಾವಿಯವಳು, ಈಗ ರಾಜಾಜಿನಗರ

ಐರ್ಲೆಂಡ್ ಅಂದರೆ ನಮ್ಮೂರಿನವರಿಗೆ ನೆನಪಾಗುವುದು ಒಂದೇ ಹೆಸರು. ಸವಿತಾ ಹಾಲಪ್ಪನವರ್. ಬೆಳಗಾವಿಯ ಮಗಳು, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್‌ನಲ್ಲಿ ಗಾಲ್ವೇಯ ಆಸ್ಪತ್ರೆಗೆ ಹೋದಾಗ 17 ವಾರದ ಬಸಿರು. ಗರ್ಭ ಉಳಿಯುವುದಿಲ್ಲ ಅಂತ ವೈದ್ಯರಿಗೇ ಗೊತ್ತಿತ್ತು. ತೆಗೆದುಬಿಡಿ ಅಂತ ಅವಳೂ ಗಂಡನೂ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಆಗುವುದಿಲ್ಲ ಅಂದರು. ಸೋಂಕು ರಕ್ತಕ್ಕೆ ಏರಿತು. ಅಕ್ಟೋಬರ್ 28ರಂದು ತೀರಿಕೊಂಡಳು.

ಐರ್ಲೆಂಡ್ ಆಗ ಸುಮಾರು 40 ವರ್ಷದಿಂದ ಒಕ್ಕೂಟದಲ್ಲಿತ್ತು. ಸಮಾನ ಸಂಬಳ ಇತ್ತು, ಹೆರಿಗೆ ರಜೆ ಇತ್ತು. ಅವಳು ಬೆಳಗಾವಿಯಲ್ಲೇ ಇದ್ದಿದ್ದರೆ ಗರ್ಭಪಾತಕ್ಕೆ ಅವಕಾಶ ಕೊಡುವ 1971ರ ನಮ್ಮ ಕಾಯ್ದೆ ಪ್ರಕಾರ ವೈದ್ಯರು ಹಿಂಜರಿಯಬೇಕಾದ ಪ್ರಶ್ನೆಯೇ ಇರಲಿಲ್ಲ. ನೀವೆಲ್ಲ ತೀರ್ಪು, ಒಪ್ಪಂದ ಅಂತ ಮಾತಾಡುವಾಗ ನನಗೆ ಹೊಟ್ಟೆ ಉರಿಯುತ್ತದೆ. ಅಷ್ಟು ದೊಡ್ಡ ಒಕ್ಕೂಟ ಅವಳ ಪ್ರಾಣಕ್ಕೆ ಯಾಕೆ ಆಗಿಬರಲಿಲ್ಲ? ಇದಕ್ಕೆ ಉತ್ತರ ಬೇಕು.

ವಕೀಲೆ, ವಿಜಯನಗರ

ನಿಮ್ಮ ಸಿಟ್ಟು ನ್ಯಾಯವಾದದ್ದು ಅಕ್ಕ. ಉತ್ತರ ಇದೆ, ಕೇಳಿದರೆ ಇನ್ನೂ ಸಿಟ್ಟು ಬರುತ್ತದೆ.

ಐರ್ಲೆಂಡ್ 1983ರಲ್ಲಿ ಗರ್ಭದಲ್ಲಿರುವ ಜೀವಕ್ಕೂ ತಾಯಿಗೂ ಸಮಾನ ಹಕ್ಕು ಅಂತ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಮಾಡಿತು. 1992ರಲ್ಲಿ ಐರೋಪ್ಯ ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದ ಆಗುವಾಗ, ಒಕ್ಕೂಟದ ಯಾವ ಕಾನೂನೂ ಈ ತಿದ್ದುಪಡಿಯನ್ನು ಮುಟ್ಟಬಾರದು ಅಂತ ಒಂದು ಪ್ರೊಟೊಕಾಲ್ (ಒಪ್ಪಂದಕ್ಕೆ ಸೇರಿಸುವ ಷರತ್ತು) ಬರೆಸಿಕೊಂಡಿತು. 2004ರಲ್ಲಿ ಸೇರಿದ ಮಾಲ್ಟಾ ಕೂಡ ಗರ್ಭಪಾತದ ವಿಷಯದಲ್ಲಿ ಅಂಥದ್ದೇ ಬರೆಸಿಕೊಂಡಿದೆ. ಸದಸ್ಯತ್ವದ ಮಿತಿ ಇದು. ಹೆಣ್ಣು ಕೆಲಸಗಾರ್ತಿ ಆಗಿರುವವರೆಗೆ ಒಕ್ಕೂಟ ಜೊತೆಗಿರುತ್ತದೆ. ಅವಳ ದೇಹದ ಪ್ರಶ್ನೆ ಬಂದರೆ "ಅದು ನಿಮ್ಮ ದೇಶದ ವಿಷಯ" ಅನ್ನುತ್ತದೆ. 2024ರಲ್ಲಿ ಹೆಂಗಸರ ಮೇಲಿನ ಹಿಂಸೆ ತಡೆಯಲು ಒಕ್ಕೂಟ ಕಾನೂನು ತಂದಿತು. ಒಪ್ಪಿಗೆ ಇಲ್ಲದ್ದು ಅತ್ಯಾಚಾರ ಅನ್ನುವ ವ್ಯಾಖ್ಯೆ ಕರಡಿನಲ್ಲಿತ್ತು. ಫ್ರಾನ್ಸ್, ಜರ್ಮನಿಯಂಥ ದೇಶಗಳೇ ಒಪ್ಪದೆ ಅದನ್ನು ಕೈಬಿಟ್ಟರು.

ಸವಿತಾ ಸಾವಿನ ನಂತರ ಬದಲಾವಣೆ ತಂದಿದ್ದು ಐರ್ಲೆಂಡಿನ ಜನ. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮತದಿಂದ ಎಂಟನೇ ತಿದ್ದುಪಡಿ ಹೋಯಿತು. ಅವಳ ತಂದೆ ಬೆಳಗಾವಿಯಿಂದಲೇ ಅಲ್ಲಿನ ಜನರಿಗೆ ಮನವಿ ಮಾಡಿದ್ದರು.

ಜಯನಗರ 4ನೇ ಬ್ಲಾಕ್

ಬೆಳಗಾವಿಯ ಮೇಡಂ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ನನ್ನ ವಾದವೂ ಇಷ್ಟೇ. ಕೊನೆಗೆ ಮಾಡಬೇಕಾದ್ದು ಅಲ್ಲಲ್ಲಿನ ಜನರೇ.

ಆಸ್ತಿ ಕಾನೂನು ಓದುವವನು, ಬಸವನಗುಡಿ

ಟೆಕ್ಕಿಯವರ ಕೊನೆಯ ಪ್ರಶ್ನೆ ಯಾರೂ ಮುಟ್ಟಿಲ್ಲ. ನಮ್ಮ ಒಕ್ಕೂಟ ಏನು ಮಾಡಿದೆ?

ತಿರುವಾಂಕೂರು ಸಂಸ್ಥಾನದಲ್ಲಿ ಸಿರಿಯನ್ ಕ್ರೈಸ್ತರಿಗೆ 1916ರ ಒಂದು ಉತ್ತರಾಧಿಕಾರ ಕಾನೂನಿತ್ತು. ತಂದೆ ಉಯಿಲು ಬರೆಯದೆ ಸತ್ತರೆ ಮಗಳಿಗೆ ಮಗನ ಪಾಲಿನ ನಾಲ್ಕನೇ ಒಂದು ಭಾಗ, ಇಲ್ಲವೇ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಸಂಸ್ಥಾನ ಭಾರತಕ್ಕೆ ಸೇರಿತು. 1951ರಲ್ಲಿ ಕೇಂದ್ರದ ಕಾನೂನುಗಳನ್ನು ಅಲ್ಲಿಗೂ ವಿಸ್ತರಿಸಿದರು. ಆದರೂ ಹಳೇ ಲೆಕ್ಕವೇ ನಡೆಯುತ್ತಿತ್ತು. ಕೊನೆಗೆ ಅದೇ ಸಮುದಾಯದ ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ತೀರ್ಪು ಬಂತು. 1951ರ ಏಪ್ರಿಲ್ 1ರಿಂದಲೇ ಆ ಹಳೇ ಕಾನೂನು ಸತ್ತಿತ್ತು, ಮಗ ಮಗಳಿಗೆ ಸಮ ಪಾಲು ಅಂತ. ಅಂದರೆ ಒಕ್ಕೂಟಕ್ಕೆ ಸೇರಿದ್ದರಿಂದಲೇ ಹಕ್ಕು ಬಂದಿತ್ತು. ಕೈಗೆ ಬರಲು 35 ವರ್ಷ ಬೇಕಾಯಿತು, ಅದೂ ಒಬ್ಬಳು ಸ್ವಂತ ಅಣ್ಣತಮ್ಮಂದಿರ ವಿರೋಧ ಕಟ್ಟಿಕೊಂಡ ಮೇಲೆ. ಡೆಫ್ರೆನ್ ಕತೆಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಮಾಲ್ಟಾ ತರಹದ್ದೂ ನಮ್ಮಲ್ಲಿದೆ. ನಾಗಾಲ್ಯಾಂಡ್‌ಗೆ ಸಂವಿಧಾನದ 371ಎ ವಿಧಿಯ ರಕ್ಷಣೆ ಇದೆ, ಅಲ್ಲಿನ ಸಂಪ್ರದಾಯಗಳ ವಿಷಯದಲ್ಲಿ ಸಂಸತ್ತಿನ ಕಾನೂನು ತಾನಾಗಿ ಅನ್ವಯಿಸುವುದಿಲ್ಲ. ಅದನ್ನು ಹಿಡಿದು, ನಗರಸಭೆಯಲ್ಲಿ ಹೆಂಗಸರಿಗೆ ಮೂರನೇ ಒಂದು ಭಾಗ ಮೀಸಲು ನಮ್ಮ ಸಂಪ್ರದಾಯಕ್ಕೆ ವಿರುದ್ಧ ಅಂತ ಅಲ್ಲಿನ ಸಂಘಟನೆಗಳು ತಡೆದವು. 2017ರಲ್ಲಿ ದೊಡ್ಡ ಗಲಭೆಯೇ ಆಯಿತು. ನಾಗಾ ಮಹಿಳೆಯರೇ ಸುಪ್ರೀಂ ಕೋರ್ಟಿನಲ್ಲಿ ಹೋರಾಡಿದರು. ಮೀಸಲಾತಿ ಜೊತೆ ಚುನಾವಣೆ ನಡೆದಿದ್ದು 2024ರಲ್ಲಿ.

ಇದರ ಉಲ್ಟಾ ದಾರಿಯೂ ಇದೆ, ಅದರಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವ ಜಾಗ ಇದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕದ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು. ಕೇಂದ್ರ ಮಾಡಿದ್ದು 2005ರಲ್ಲಿ. 1994ಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ನಮ್ಮ ಕಾನೂನು ಹೊರಗಿಟ್ಟಿತ್ತು, ಅದು ದೊಡ್ಡ ಕೊರತೆ. ಕೇಂದ್ರದ ಕಾನೂನು ಅದನ್ನು ಸರಿಪಡಿಸಿತು. ಪಂಚಾಯತಿಯಲ್ಲಿ ಹೆಂಗಸರಿಗೆ ಶೇ 25 ಸೀಟು ನಾವು ಇಟ್ಟಿದ್ದು 1983ರ ಕಾಯ್ದೆಯಲ್ಲಿ. ಇಡೀ ದೇಶದ ಪಂಚಾಯತಿಗಳಲ್ಲಿ ಹೆಂಗಸರಿಗೆ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ಬಂದಿದ್ದು 1992ರಲ್ಲಿ. ರಾಜ್ಯ ಮೊದಲು ಹೆಜ್ಜೆ ಇಟ್ಟಿತು, ಒಕ್ಕೂಟ ಅದನ್ನು ಎಲ್ಲರಿಗೂ ಹಂಚಿತು. ನನಗೆ ಇದು ಅತ್ಯಂತ ಮುಖ್ಯವಾದ ವಿಷಯ ಅನಿಸುತ್ತದೆ.

ಗಾರ್ಮೆಂಟ್ಸ್ ಕೆಲಸದವಳು, ಪೀಣ್ಯ

ನಾನು ಇಂಥ ಕಡೆ ಜಾಸ್ತಿ ಬರೆಯುವವಳಲ್ಲ. ಒಂದು ವಿಷಯ ಹೇಳಬೇಕು ಅನಿಸಿತು.

ಸಮಾನ ಸಂಬಳದ ಕಾನೂನು ನಮ್ಮ ಫ್ಯಾಕ್ಟರಿಯಲ್ಲೂ ಇದೆ ಅಂತ ಹೇಳುತ್ತಾರೆ. ಆದರೆ ಸಮಾನ ಯಾರಿಗೆ? ನಮ್ಮ ಲೈನಿನಲ್ಲಿ ಹೊಲಿಗೆ ಮಷಿನ್ ಮುಂದೆ ಕೂತವರೆಲ್ಲ ಹೆಂಗಸರು. ಎಲ್ಲರಿಗೂ ಒಂದೇ ಕನಿಷ್ಠ ಕೂಲಿ. ಗಂಡಸರು ಇರುವುದು ಕಟಿಂಗ್‌ನಲ್ಲಿ, ಸೂಪರ್‌ವೈಸರ್ ಜಾಗದಲ್ಲಿ. ಅವರ ಕೆಲಸದ ಹೆಸರು ಬೇರೆ, ಸಂಬಳವೂ ಬೇರೆ. ಹೋಲಿಸಲು ಪಕ್ಕದಲ್ಲಿ ಗಂಡಸೇ ಇಲ್ಲದಿದ್ದರೆ ಕಾನೂನು ಏನು ಮಾಡುತ್ತದೆ?

ಇನ್ನೊಂದು. 2016ರಲ್ಲಿ ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತು. ನಮ್ಮಂಥವರು ಮಗಳ ಮದುವೆಗೆ, ಆಸ್ಪತ್ರೆಗೆ ನಂಬಿಕೊಂಡಿರುವುದೇ ಆ ದುಡ್ಡು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಹೆಂಗಸರು ಕೂತರು. ಮಾರನೇ ದಿನ ಇನ್ನೂ ಜಾಸ್ತಿ ಜನ ಬಂದರು. ಲಾಠಿ ಏಟೂ ಬಿತ್ತು. ಅವತ್ತೇ ದೆಹಲಿಯವರು ನಿಯಮ ವಾಪಸ್ ತೆಗೆದುಕೊಂಡರು. ನಮಗೆ ನಾಯಕರು ಯಾರೂ ಇರಲಿಲ್ಲ. ಮೇಲಿನಿಂದ ಬರುವುದೆಲ್ಲ ಒಳ್ಳೆಯದೇ ಅಂತ ಅಂದುಕೊಳ್ಳಬೇಡಿ.

ವಕೀಲೆ, ವಿಜಯನಗರ

ಅಕ್ಕ, ನೀವು ಕೇಳಿದ್ದು ಈ ಇಡೀ ಚರ್ಚೆಯಲ್ಲೇ ಮುಖ್ಯವಾದ ಪ್ರಶ್ನೆ.

ನಮ್ಮ 1976ರ ಸಮಾನ ವೇತನ ಕಾಯ್ದೆ ಒಂದೇ ಕೆಲಸ ಅಥವಾ ಒಂದೇ ಬಗೆಯ ಕೆಲಸ ಅಂತಷ್ಟೇ ಹೇಳಿತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಬ್ರಿಟನ್‌ನಲ್ಲೂ ಇದೇ ತೊಡಕಿತ್ತು. ಡ್ಯಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಸೀಟಿನ ಕವರ್ ಹೊಲಿಯುತ್ತಿದ್ದವರು ಹೆಂಗಸರು, ನಿಮ್ಮ ಹಾಗೇ ಮಷಿನ್ ಮುಂದೆ ಕೂತವರು. ನಮ್ಮ ಕೆಲಸವನ್ನು ಕೌಶಲ ಇಲ್ಲದ್ದು ಅಂತ ಇಟ್ಟಿದ್ದೀರಿ ಅಂತ 1968ರಲ್ಲಿ ಮುಷ್ಕರ ಮಾಡಿದರು. ಅದರಿಂದ 1970ರ ಸಮಾನ ವೇತನ ಕಾಯ್ದೆ ಬಂತು. ಆದರೆ ಅದರಲ್ಲಿ ಬೇರೆ ಕೆಲಸದ ಗಂಡಸಿನ ಜೊತೆ ಹೋಲಿಸಲು ಸರಿಯಾದ ದಾರಿ ಇರಲಿಲ್ಲ. ಐರೋಪ್ಯ ಆಯೋಗ ಬ್ರಿಟನ್ ಮೇಲೆ ಕೇಸು ಹಾಕಿತು, 1982ರಲ್ಲಿ ಗೆದ್ದಿತು. 1983ರಲ್ಲಿ ಬ್ರಿಟನ್ ಕಾನೂನು ತಿದ್ದಬೇಕಾಯಿತು. ಅವತ್ತಿನಿಂದ ಕೆಲಸ ಬೇರೆಯಾದರೂ ಶ್ರಮ, ಕೌಶಲ, ಹೊಣೆಯಲ್ಲಿ ಮೌಲ್ಯ ಸಮ ಇದ್ದರೆ ಸಂಬಳವೂ ಸಮ. ಒಕ್ಕೂಟದಿಂದ ಹೊರಗೆ ಬಂದ ಮೇಲೂ ಬ್ರಿಟನ್ ಇದನ್ನು ಕಳೆದುಕೊಂಡಿಲ್ಲ, 2010ರ ಸಮಾನತಾ ಕಾಯ್ದೆಯಲ್ಲಿ ಉಳಿದಿದೆ. ಕಳೆದುಕೊಂಡಿದ್ದು ಮುಂದೆ ಬರುವುದನ್ನು.

ಟೆಕ್ಕಿಯವರೇ, ನಿಮ್ಮ ಡಬ್ಲಿನ್ ನಿಯಮ ಅಂಥದ್ದು. 2023ರಲ್ಲಿ ಒಕ್ಕೂಟ ಒಪ್ಪಿದ್ದು. ದೇಶಗಳಿಗೆ ಗಡುವು 2026ರ ಜೂನ್ 7. ಹಳೇ ಸಂಬಳ ಕೇಳುವ ಹಾಗಿಲ್ಲ. ನಿಮ್ಮ ದರ್ಜೆಯಲ್ಲಿ ಗಂಡಸರ ಸರಾಸರಿ ಎಷ್ಟು, ಹೆಂಗಸರದ್ದು ಎಷ್ಟು ಅಂತ ಕೇಳಿ ತಿಳಿಯುವ ಹಕ್ಕಿದೆ. 100 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿಗಳು ಹಂತ ಹಂತವಾಗಿ ವರದಿ ಕೊಡಬೇಕು. ಅಂತರ ಶೇ 5 ಮುಟ್ಟಿ, ಅದಕ್ಕೆ ಸರಿಯಾದ ಕಾರಣ ಕೊಡದೆ, ಆರು ತಿಂಗಳಲ್ಲಿ ಸರಿಪಡಿಸದಿದ್ದರೆ ಕೆಲಸಗಾರರ ಪ್ರತಿನಿಧಿಗಳ ಜೊತೆ ಕೂತು ಲೆಕ್ಕ ನೋಡಬೇಕು. ಬೆಂಗಳೂರಿನ ಕಾಂಟ್ರಾಕ್ಟ್‌ಗೆ ಇದು ಅನ್ವಯಿಸುವುದಿಲ್ಲ. ಕಂಪನಿ ಒಂದೇ ಆದರೂ ಇಲ್ಲ.

ಆದರೆ ಬಸವನಗುಡಿಯವರು ಹೇಳಿದ 1994ರ ದಾರಿ ನಮಗಿದೆ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯವೂ ಕಾನೂನು ಮಾಡಬಹುದು. ಕೇಂದ್ರದ ಕಾನೂನಿಗೆ ತಗಲಿದರೆ ರಾಷ್ಟ್ರಪತಿಗಳ ಅಂಕಿತ ಬೇಕಾಗುತ್ತದೆ, ಅಷ್ಟೆ.

ಜಯನಗರ 4ನೇ ಬ್ಲಾಕ್

ಅದನ್ನು ಕೇಳಬೇಕು. ಅರ್ಜಿ ಬರೆದರೆ ನಾನೂ ಸಹಿ ಹಾಕುತ್ತೇನೆ.

ಮಾರತ್ತಹಳ್ಳಿ ಟೆಕ್ಕಿ

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ತಿಳಿದುಕೊಂಡ ಮೇಲೆ ಸುಮ್ನೆ ಕೂರುವುದು ಆಗಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಕೊಡಲು ಅರ್ಜಿ ಬರೆಯಲು ಶುರು ಮಾಡಿದ್ದೇನೆ. ಕೆಲಸಕ್ಕೆ ತೆಗೆದುಕೊಳ್ಳುವಾಗ ಹಳೇ ಸಂಬಳ ಕೇಳಬಾರದು, ಹುದ್ದೆಯ ಜೊತೆಗೇ ಸಂಬಳದ ಮಿತಿ ಹೇಳಬೇಕು ಅಂತ ಬರೆದಿದ್ದೇನೆ. ಸಮಾನ ಮೌಲ್ಯದ ಕೆಲಸದ ವಿಷಯ ನಾನು ಬರೆದರೆ ಸರಿಹೋಗಲ್ಲ. ಪೀಣ್ಯದ ಅಕ್ಕ, ಅದನ್ನು ನೀವು ಬರೆದು ಕಳಿಸುತ್ತೀರಾ? ನಿಮ್ಮ ಲೈನಿನಲ್ಲಿ ಏನೇನು ಕೆಲಸ, ಕಟಿಂಗ್‌ನಲ್ಲಿ ಏನು ಕೆಲಸ, ಯಾರಿಗೆ ಎಷ್ಟು ಕೂಲಿ, ಅಷ್ಟು ಬರೆದರೆ ಸಾಕು. ವಕೀಲೆ ಮೇಡಂ ಕಾನೂನಿನ ಭಾಷೆ ನೋಡಿಕೊಳ್ಳುತ್ತಾರೆ.

ಗಾರ್ಮೆಂಟ್ಸ್ ಕೆಲಸದವಳು, ಪೀಣ್ಯ

ಬರೆಯುತ್ತೇನೆ. ಭಾನುವಾರ ರಜೆ. ನಮ್ಮ ಲೈನಿನ ಇನ್ನಿಬ್ಬರನ್ನೂ ಕೂರಿಸಿಕೊಂಡು ಬರೆಯುತ್ತೇನೆ. ಕಟಿಂಗ್‌ನವರ ಸಂಬಳದ ಚೀಟಿಯೂ ಕೇಳಿ ನೋಡುತ್ತೇನೆ.